ಬಣ್ಣದ ಅಂಕಿಯೂ ನೋಟದ ಕೋನವೂ: ಕೈಗಾರಿಕಾ ವರ್ಣಮಾಪನದ ಇತಿಹಾಸಕಥನವನ್ನು ಕುರಿತು ಒಂದು ವಿಮರ್ಶೆ

೧

ಕೈಗಾರಿಕೆಯ ವ್ಯವಹಾರದಲ್ಲಿ ಬಣ್ಣವು ಈಗ ಅಂಕಿಯಾಗಿದೆ. ನೂಲಿಗೆ ಬಣ್ಣ ಹಾಕುವವರು, ಗೋಡೆಯ ಬಣ್ಣ ತಯಾರಿಸುವವರು, ಕಾಗದದ ಕಾರ್ಖಾನೆಯವರು, ಮೋಟಾರು ಗಾಡಿಗಳ ಮೈಗೆ ಲೇಪ ಕೊಡುವವರು, ಇವರೆಲ್ಲರೂ ತಮ್ಮ ಸರಕನ್ನು ಉಪಕರಣದ ಬಾಯಿಗೆ ಹಿಡಿದು ಕೆಲವು ಅಂಕಿಗಳನ್ನು ಪಡೆಯುತ್ತಾರೆ. ಕೊಳ್ಳುವವನು ಕೊಟ್ಟ ಮಾದರಿಯ ಅಂಕಿಗಳಿಗೂ ಇವಕ್ಕೂ ಇರುವ ಅಂತರವು ಒಪ್ಪಂದದ ಮಿತಿಯೊಳಗಿದ್ದರೆ ಸರಕು ಸ್ವೀಕೃತ, ಮೀರಿದರೆ ತಿರಸ್ಕೃತ. ಕಣ್ಣಿನ ತೀರ್ಪಿನಲ್ಲಿ ಪಕ್ಷಪಾತವಿರಬಹುದು, ಆಯಾಸವಿರಬಹುದು, ಸಂಜೆಯ ಬೆಳಕಿನ ಮೋಸವಿರಬಹುದು. ಅಂಕಿಗೆ ಇವು ಯಾವುವೂ ಇಲ್ಲವೆಂಬ ನಂಬಿಕೆಯ ಮೇಲೆ ಈ ವ್ಯವಸ್ಥೆ ನಿಂತಿದೆ.

ಈ ವ್ಯವಸ್ಥೆ ಬೆಳೆದು ಬಂದ ಬಗೆಯನ್ನು ಹೇಳುವ ಕಥೆಯೂ ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ನಡೆಯುತ್ತದೆ. ನ್ಯೂಟನ್ ೧೭೦೪ರಲ್ಲಿ ಪ್ರಕಟಿಸಿದ ತನ್ನ ದ್ಯುತಿಶಾಸ್ತ್ರದ ಗ್ರಂಥದಲ್ಲಿ ಬಿಳಿಯ ಬೆಳಕು ಹಲವು ಕಿರಣಗಳ ಕೂಟವೆಂಬುದನ್ನು ವಿವರಿಸಿದನು, ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ಮತ್ತು ಹೆಲ್ಮ್‌ಹೋಲ್ಟ್ಸ್ ಮೂರು ಮೂಲವರ್ಣಗಳ ಸಿದ್ಧಾಂತವನ್ನು ಬೆಳೆಸಿದರು, ೧೯೨೦ರ ದಶಕದ ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ ಹತ್ತು ಮಂದಿಯ ಕಣ್ಣುಗಳನ್ನೂ ಜಾನ್ ಗಿಲ್ಡ್ ಏಳು ಮಂದಿಯ ಕಣ್ಣುಗಳನ್ನೂ ಪರೀಕ್ಷಿಸಿದರು, ಆ ಹದಿನೇಳು ಮಂದಿಯ ನೋಟದ ಸರಾಸರಿಯನ್ನು ಆಧರಿಸಿ ಅಂತರರಾಷ್ಟ್ರೀಯ ದೀಪ್ತಿ ಆಯೋಗವು ೧೯೩೧ರಲ್ಲಿ ‘ಪ್ರಮಾಣ ವೀಕ್ಷಕ’ನನ್ನು ನಿರ್ಮಿಸಿತು, ೧೯೭೬ರಲ್ಲಿ ಅದೇ ಆಯೋಗವು ಬಣ್ಣಗಳ ಅಂತರವನ್ನು ಲೆಕ್ಕಹಾಕಲು ಅನುಕೂಲವಾದ ಇನ್ನೊಂದು ಮಾನವನ್ನು ಶಿಫಾರಸು ಮಾಡಿತು. ಕಣ್ಣಿನ ಚಾಂಚಲ್ಯದಿಂದ ಅಂಕಿಯ ಸ್ಥೈರ್ಯಕ್ಕೆ ಮನುಷ್ಯನು ನಡೆದು ಬಂದ ಪ್ರಗತಿಯ ಕಥೆ ಇದು.

ಈ ಕಥೆಯಲ್ಲಿ ಸುಳ್ಳಿಲ್ಲ. ಆದರೆ ಒಂದು ಅಂಗ ಊನವಾಗಿದೆ. ಬಣ್ಣವನ್ನು ಕಾಣಬೇಕಾದರೆ ಬೆಳಕು ಬೇಕು, ವಸ್ತು ಬೇಕು, ಕಣ್ಣು ಬೇಕು. ಇವುಗಳ ಜೊತೆಗೆ ಬೆಳಕು ಯಾವ ದಿಕ್ಕಿನಿಂದ ಬೀಳುತ್ತದೆ, ಕಣ್ಣು ಯಾವ ದಿಕ್ಕಿನಲ್ಲಿ ನಿಂತಿದೆ ಎಂಬುದೂ ನಿಶ್ಚಿತವಾಗಿರಬೇಕು. ಬೆಳಕು, ಮಾದರಿ, ಗ್ರಾಹಕ ಈ ಮೂರನ್ನು ಉಪಕರಣದೊಳಗೆ ಪರಸ್ಪರ ನಿಲ್ಲಿಸಿರುವ ರೀತಿಗೆ ಉಪಕರಣದ ಜ್ಯಾಮಿತಿ ಎಂದು ಹೆಸರು. ರೂಢಿಯ ಕಥನವು ಕಣ್ಣಿಗೆ ಒಂದು ಅಧ್ಯಾಯವನ್ನೂ ಬೆಳಕಿಗೆ ಇನ್ನೊಂದು ಅಧ್ಯಾಯವನ್ನೂ ಮೀಸಲಿಟ್ಟು, ಜ್ಯಾಮಿತಿಯನ್ನು ಕುಶಲಕರ್ಮಿಯ ಕೈಪಿಡಿಗೆ ಬಿಟ್ಟುಬಿಡುತ್ತದೆ. ಈ ಉಪೇಕ್ಷೆ ಸಾಧುವಲ್ಲವೆಂಬುದೂ, ಜ್ಯಾಮಿತಿಯನ್ನು ಹೇಳದ ಬಣ್ಣದ ಅಂಕಿಯು ನೆಲೆ ತಪ್ಪಿದ ಶಾಸನದಂತೆ ಅರ್ಧ ಪ್ರಮಾಣ ಮಾತ್ರವೆಂಬುದೂ ಪ್ರಕೃತ ಲೇಖನದ ಪ್ರತಿಪಾದ್ಯ.

ಇತಿಹಾಸದ ಅಧ್ಯಾಪಕನಿಗೆ ಇದರಲ್ಲಿ ಏನು ಕೆಲಸ ಎಂದು ಕೆಲವರಾದರೂ ಕೇಳಬಹುದು. ಶಾಸನವೊಂದು ಕೈಗೆ ಬಂದಾಗ ಅದನ್ನು ಯಾರು ಬರೆಯಿಸಿದರು, ಎಲ್ಲಿ ನಿಲ್ಲಿಸಿದರು, ಯಾವ ಪ್ರಯೋಜನಕ್ಕಾಗಿ ಬರೆಯಿಸಿದರು ಎಂದು ಕೇಳದೆ ಅದರ ಮಾತನ್ನು ನಾವು ನಂಬುವುದಿಲ್ಲ. ಉಪಕರಣವು ಬರೆದುಕೊಟ್ಟ ಅಂಕಿಯೂ ಒಂದು ದಾಖಲೆ. ದಾಖಲೆಗೆ ಸಲ್ಲಬೇಕಾದ ವಿಮರ್ಶೆ ಅದಕ್ಕೂ ಸಲ್ಲಬೇಕು.

೨

ಮೊದಲು ವಸ್ತುಸ್ಥಿತಿಯನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಬಣ್ಣ ಬಳಿದ ಹಲಗೆಯೊಂದರ ಮೇಲೆ ಬೆಳಕು ಬಿದ್ದಾಗ ಅದು ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ಒಂದು ಪಾಲು ಮೇಲ್ಮೈಯನ್ನು ಮುಟ್ಟಿದೊಡನೆಯೇ, ಒಳಹೊಗದೆ, ಕನ್ನಡಿಯಲ್ಲಿ ಹೇಗೋ ಹಾಗೆ ಪುಟಿದು ಹೋಗುತ್ತದೆ. ಈ ಪಾಲಿನಲ್ಲಿ ಬಣ್ಣದ ಸೋಂಕಿಲ್ಲ. ದೀಪ ಬಿಳಿದಾದರೆ ಇದೂ ಬಿಳಿದೇ. ನಾವು ಹೊಳಪು ಎನ್ನುವುದು ಇದನ್ನು. ಉಳಿದ ಪಾಲು ಲೇಪದ ಒಳಗೆ ಹೊಕ್ಕು, ವರ್ಣದ್ರವ್ಯದ ಕಣಗಳ ನಡುವೆ ಅಲೆದು, ಕೆಲವು ಕಿರಣಗಳನ್ನು ಅಲ್ಲಿಯೇ ಕಳೆದುಕೊಂಡು, ಮಿಕ್ಕವುಗಳೊಡನೆ ಎಲ್ಲ ದಿಕ್ಕಿಗೂ ಚದುರಿ ಹೊರಬರುತ್ತದೆ. ನಾವು ಬಣ್ಣ ಎನ್ನುವುದು ಇದನ್ನು. ಹೊಳಪು, ಮಿರುಗು, ಮಾಸಲು ಎಂಬ ಮಾತುಗಳನ್ನು ಬಣ್ಣದ ಹೆಸರುಗಳಿಂದ ಬೇರೆಯಾಗಿ ಇಟ್ಟುಕೊಂಡಿರುವ ನಮ್ಮ ಆಡುನುಡಿಯು ಈ ಭೇದವನ್ನು ಹಿಂದಿನಿಂದಲೂ ಬಲ್ಲದು.

ಈ ಭೇದಕ್ಕೆ ಶಾಸ್ತ್ರದ ರೂಪ ಬಂದುದು ಹದಿನೆಂಟನೆಯ ಶತಮಾನದಲ್ಲಿ. ೧೭೬೦ರಲ್ಲಿ ಎರಡು ಗ್ರಂಥಗಳು ಪ್ರಕಟವಾದುವು: ಒಂದು ಲ್ಯಾಂಬರ್ಟನ ದ್ಯುತಿಮಾಪನ ಗ್ರಂಥ; ಇನ್ನೊಂದು, ೧೭೫೮ರಲ್ಲಿ ತೀರಿಕೊಂಡಿದ್ದ ಪಿಯೇರ್ ಬೂಗೇರನ ಗ್ರಂಥ. ಲ್ಯಾಂಬರ್ಟನು ಎತ್ತ ನಿಂತು ನೋಡಿದರೂ ಸಮನಾಗಿ ಬೆಳಗುವ ಆದರ್ಶ ಮೇಲ್ಮೈಯನ್ನು ಕಲ್ಪಿಸಿದನು. ಬೂಗೇರನು ಒರಟಾದ ಮೇಲ್ಮೈಯನ್ನು ನಾನಾ ಕಡೆಗೆ ವಾಲಿದ ಕಿರುಗನ್ನಡಿಗಳ ಸಮೂಹವೆಂದು ಬಗೆದನು. ಒಂದರಲ್ಲಿ ನೋಟದ ಕೋನಕ್ಕೆ ಬೆಲೆಯಿಲ್ಲ. ಮತ್ತೊಂದರಲ್ಲಿ ಕೋನವೇ ಸರ್ವಸ್ವ. ನಿಜವಾದ ವಸ್ತುಗಳೆಲ್ಲ ಈ ಎರಡರ ನಡುವೆ ಎಲ್ಲಿಯೋ ನಿಲ್ಲುತ್ತವೆ. ಉಪಕರಣದ ಜ್ಯಾಮಿತಿಯ ಪ್ರಶ್ನೆಯೆಲ್ಲವೂ ಈ ನಡುವಣ ಜಾಗದಲ್ಲಿ ಹುಟ್ಟಿಕೊಂಡಿತು. ಲ್ಯಾಂಬರ್ಟನ ಆದರ್ಶವನ್ನು ಎಲ್ಲ ವಸ್ತುಗಳೂ ಪಾಲಿಸುತ್ತಿದ್ದರೆ ಈ ಲೇಖನಕ್ಕೆ ಅವಕಾಶವಿರುತ್ತಿರಲಿಲ್ಲ.

೩

೧೯೩೧ರ ನಿರ್ಣಯಗಳಿಗೆ ಬರೋಣ. ಪ್ರಮಾಣ ವೀಕ್ಷಕನನ್ನು ನಿರ್ಮಿಸಿದ ಆ ಸಭೆಯೇ ಅಪಾರದರ್ಶಕ ವಸ್ತುಗಳ ಅಳತೆಗೆ ಒಂದು ಜ್ಯಾಮಿತಿಯನ್ನೂ ವಿಧಿಸಿತ್ತು: ಬೆಳಕು ೪೫ ಡಿಗ್ರಿ ಓರೆಯಾಗಿ ಬೀಳಬೇಕು, ನೋಟ ಮೇಲ್ಮೈಗೆ ಲಂಬವಾಗಿರಬೇಕು. ಇದನ್ನು ೪೫:೦ ಎಂದು ಬರೆಯುವುದು ವಾಡಿಕೆ. ಈ ವಿನ್ಯಾಸದ ಹಿಂದಿರುವ ತರ್ಕ ಸರಳವಾದುದು. ಹೊಳಪಿನ ಪದಾರ್ಥವನ್ನು ಪರೀಕ್ಷಿಸುವವನು ಕಿಟಕಿಯ ಪ್ರತಿಬಿಂಬ ಕಣ್ಣಿಗೆ ಹೊಡೆಯದಂತೆ ಅದನ್ನು ವಾಲಿಸಿ ಹಿಡಿಯುತ್ತಾನೆ. ೪೫ ಡಿಗ್ರಿಯಲ್ಲಿ ಬಿದ್ದ ಬೆಳಕಿನ ಹೊಳಪು ಎದುರು ಬದಿಯ ೪೫ ಡಿಗ್ರಿಯಲ್ಲಿ ಹೊರಟುಹೋಗುತ್ತದೆ. ಲಂಬವಾಗಿ ನಿಂತ ಗ್ರಾಹಕಕ್ಕೆ ಒಳಗಿನಿಂದ ಬಂದ ಬಣ್ಣ ಮಾತ್ರ ದೊರೆಯುತ್ತದೆ. ಎಂದರೆ ಪ್ರಮಾಣ ವೀಕ್ಷಕನಿಗೆ ಕಣ್ಣಿನ ಜೊತೆಗೆ ನಿಲ್ಲುವ ಭಂಗಿಯೂ ನಿಯತವಾಗಿತ್ತು. ಇತಿಹಾಸವು ಅವನ ಕಣ್ಣನ್ನು ನೆನಪಿಟ್ಟುಕೊಂಡು ಭಂಗಿಯನ್ನು ಮರೆಯಿತು.

ಮರೆಯಲು ಕಾರಣವೂ ಇದೆ. ಅದೇ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಆರ್ಥರ್ ಹಾರ್ಡಿ ನಿರ್ಮಿಸಿದ ಸ್ಪೆಕ್ಟ್ರೊಫೋಟೊಮೀಟರ್ ಬೇರೊಂದು ವಿನ್ಯಾಸವನ್ನು ಕೈಗಾರಿಕೆಗೆ ತಂದಿತು. ೧೯೩೫ರಿಂದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಇದನ್ನು ಮಾರಾಟಕ್ಕೆ ತಯಾರಿಸಿತು. ಗಂಟೆಗಟ್ಟಲೆ ಕುಳಿತು ಒಂದೊಂದೇ ಬಿಂದುವನ್ನು ಅಳೆಯುವ ಶ್ರಮವನ್ನು ತಪ್ಪಿಸಿ, ಇದು ಪ್ರತಿಫಲನದ ರೇಖೆಯನ್ನು ತಾನೇ ಬರೆಯುತ್ತಿತ್ತು. ಅದರ ಹೃದಯದಲ್ಲಿ ಇದ್ದುದು ಒಳಮೈಗೆ ಬಿಳಿಯ ಲೇಪ ಕೊಟ್ಟ ಟೊಳ್ಳಾದ ಸಂಕಲನ ಗೋಳ. ಮಾದರಿಯಿಂದ ಯಾವ ದಿಕ್ಕಿಗೆ ಹೊರಟ ಬೆಳಕನ್ನಾದರೂ ಈ ಗೋಳ ಹಿಡಿದು, ಒಳಗೋಡೆಯಲ್ಲಿ ಮತ್ತೆ ಮತ್ತೆ ಚದುರಿಸಿ, ಸಮಮಾಡಿ ಗ್ರಾಹಕಕ್ಕೆ ಒಪ್ಪಿಸುತ್ತದೆ.

ಗೋಳದ ಮೂಲವನ್ನು ಹುಡುಕಿದರೆ ಅದು ಬಣ್ಣದ ಅಳತೆಗೆ ಹುಟ್ಟಿದ ಸಾಧನವೇ ಅಲ್ಲವೆಂಬುದು ತಿಳಿಯುತ್ತದೆ. ಸಂಪ್ನರ್ ೧೮೯೨ರಲ್ಲಿ ಅದರ ತತ್ತ್ವವನ್ನು ನಿರೂಪಿಸಿದನು; ಜರ್ಮನಿಯ ಎಂಜಿನಿಯರ್ ಉಲ್‌ಬ್ರಿಖ್ಟ್ ೧೯೦೦ರಲ್ಲಿ ವಿದ್ಯುದ್ದೀಪಗಳು ಹೊರಸೂಸುವ ಬೆಳಕಿನ ಮೊತ್ತವನ್ನು ಅಳೆಯಲು ಅದನ್ನು ಪ್ರಯೋಗಕ್ಕೆ ತಂದನು. ದೀಪದ ವ್ಯಾಪಾರಕ್ಕೆ ಬೇಕಾಗಿದ್ದುದು ಮೊತ್ತ. ಯಾವ ದಿಕ್ಕಿಗೆ ಎಷ್ಟು ಎಂಬುದನ್ನು ಅಳಿಸಿಹಾಕುವುದೇ ಗೋಳದ ಗುಣವಾಗಿತ್ತು. ಆ ಗುಣವು ಬಣ್ಣದ ಅಳತೆಗೆ ದಾಯವಾಗಿ ಬಂದಿತು.

ಹಾರ್ಡಿಯ ದಾರಿಗೆ ಎದುರಾಗಿ ರಿಚರ್ಡ್ ಹಂಟರನ ದಾರಿಯನ್ನು ನಿಲ್ಲಿಸಬಹುದು. ೧೯೨೭ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯನ್ನು ಸೇರಿದ ಹಂಟರನು ೧೯೩೦ರ ದಶಕದಲ್ಲಿ ಹೊಳಪಿನ ಅಳತೆಯನ್ನು ವಿಶೇಷವಾಗಿ ಅಭ್ಯಾಸಮಾಡಿ, ಹೊಳಪು ಒಂದೇ ಗುಣವಲ್ಲ, ಹಲವು ಗುಣಗಳ ಸಮುದಾಯ ಎಂಬುದನ್ನು ತೋರಿಸಿದನು. ೧೯೭೫ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಹೆಸರು ಗಮನಾರ್ಹವಾದುದು: ‘ತೋರಿಕೆಯ ಅಳತೆ’ ಎಂದು ಅದನ್ನು ಕನ್ನಡಿಸಬಹುದು. ಹಾರ್ಡಿಯ ನೇತೃತ್ವದಲ್ಲಿ ೧೯೩೬ರಲ್ಲಿ ಸಿದ್ಧವಾದ ಪ್ರಸಿದ್ಧ ಕೈಪಿಡಿಯ ಹೆಸರಿನಲ್ಲಿ ವರ್ಣಮಾಪನವಿದೆ. ಹಂಟರನ ಗ್ರಂಥದ ಹೆಸರಿನಲ್ಲಿ ವರ್ಣ ಎಂಬ ಮಾತೇ ಇಲ್ಲ. ಬಣ್ಣವನ್ನು ವಸ್ತುವಿನ ದ್ರವ್ಯಗುಣವೆಂದು ಎಣಿಸುವುದೊಂದು ಪಕ್ಷ, ನೋಡುವವನಿಗೆ ವಸ್ತು ತೋರುವ ಬಗೆಯೆಂದು ಎಣಿಸುವುದು ಇನ್ನೊಂದು ಪಕ್ಷ. ಕೈಗಾರಿಕೆಯ ಉಪಕರಣಗಳಲ್ಲಿ ಈ ಎರಡು ಪಕ್ಷಗಳೂ ಲೋಹ ಮತ್ತು ಗಾಜಿನ ರೂಪ ತಾಳಿ ಇಂದಿಗೂ ಅಕ್ಕಪಕ್ಕದಲ್ಲಿವೆ.

ದೀಪ್ತಿ ಆಯೋಗವೂ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲಿಲ್ಲ. ೧೯೭೧ರ ಅದರ ಪ್ರಕಟಣೆಯಲ್ಲಿ ೪೫:೦ರ ಜೊತೆಗೆ ಅದರ ವಿಲೋಮವೂ, ಗೋಳವನ್ನು ಬಳಸುವ ಎರಡು ವಿನ್ಯಾಸಗಳೂ ಸೇರಿ ನಾಲ್ಕು ಜ್ಯಾಮಿತಿಗಳು ಮಾನ್ಯವಾದುವು. ೨೦೦೪ರ ಆವೃತ್ತಿಯು ಇವನ್ನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿ, ಬೆಳಕು ಸುತ್ತಲಿಂದ ಉಂಗುರದಂತೆ ಬೀಳುತ್ತದೆಯೋ ಒಂದೇ ಕಡೆಯಿಂದ ಬೀಳುತ್ತದೆಯೋ, ಗೋಳದೊಳಗೆ ಹೊಳಪನ್ನು ಸೇರಿಸಿಕೊಂಡಿದೆಯೋ ಬಿಟ್ಟಿದೆಯೋ ಎಂಬುದಕ್ಕೆಲ್ಲ ಬೇರೆ ಬೇರೆ ಸಂಕೇತಗಳನ್ನು ಗೊತ್ತುಮಾಡಿತು. ಪ್ರಗತಿಯ ಕಥೆ ನಿಜವಾಗಿದ್ದರೆ ಹಲವು ಕ್ರಮಗಳು ಕರಗಿ ಒಂದೇ ಕ್ರಮ ಉಳಿಯಬೇಕಾಗಿತ್ತು. ನಡೆದುದು ಇದಕ್ಕೆ ವಿರುದ್ಧವಾಗಿ: ೧೯೩೧ರಲ್ಲಿ ಒಂದೇ ಇದ್ದುದು ಕಾಲಕ್ರಮದಲ್ಲಿ ಹಲವಾಯಿತು. ರೂಢಿಯ ಕಥನ ಈ ಸಂಗತಿಗೆ ಉತ್ತರ ಕೊಡಲಾರದು.

೪

ಜ್ಯಾಮಿತಿಯ ವ್ಯತ್ಯಾಸದಿಂದ ಅಂಕಿಯಲ್ಲಿ ಎಷ್ಟು ವ್ಯತ್ಯಾಸವಾದೀತು? ಅಲ್ಪವಾದುದಾದರೆ ಈ ಚರ್ಚೆ ನಿಷ್ಪ್ರಯೋಜಕ. ಸಾಮಾನ್ಯ ವಾರ್ನಿಷು ಮತ್ತು ಪ್ಲಾಸ್ಟಿಕ್ಕುಗಳ ವಕ್ರೀಭವನಾಂಕ ಸುಮಾರು ೧.೫. ಇಂಥ ಮೇಲ್ಮೈ ಲಂಬವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ೪ರಷ್ಟನ್ನು ಹೊಳಪಾಗಿ ಹಿಂದಿರುಗಿಸುತ್ತದೆಂಬುದು ಫ್ರೆನೆಲ್‌ನ ಸೂತ್ರದಿಂದ ಸಿದ್ಧವಾಗುತ್ತದೆ. ಗೋಳದ ಉಪಕರಣಗಳಲ್ಲಿ ಈ ಹೊಳಪು ಬೀಳುವ ಜಾಗದಲ್ಲಿ ಒಂದು ಕಿಂಡಿಯಿರುತ್ತದೆ. ಕಿಂಡಿಯನ್ನು ಬಿಳಿಯ ಮುಚ್ಚಳದಿಂದ ಮುಚ್ಚಿದರೆ ಹೊಳಪು ಲೆಕ್ಕಕ್ಕೆ ಸೇರುತ್ತದೆ. ತೆರೆದು ಕಪ್ಪಾದ ಬಲೆಯನ್ನಿಟ್ಟರೆ ಹೊಳಪು ನುಂಗಿಹೋಗುತ್ತದೆ. ಮೊದಲನೆಯದನ್ನು ಹೊಳಪು-ಸಹಿತ ಎಂದೂ ಎರಡನೆಯದನ್ನು ಹೊಳಪು-ರಹಿತ ಎಂದೂ ಕರೆಯೋಣ.

ಲೆಕ್ಕಕ್ಕಾಗಿ ನುಣುಪಾದ ಒಂದು ಕಪ್ಪು ಫಲಕವನ್ನು ಕಲ್ಪಿಸಿಕೊಳ್ಳಬಹುದು. ಅದರ ಒಳಗಿನಿಂದ ಚದುರಿ ಬರುವ ಬೆಳಕು ನೂರಕ್ಕೆ ಅರ್ಧ ಮಾತ್ರ ಎಂದಿಟ್ಟುಕೊಂಡರೆ, ಹೊಳಪು-ರಹಿತ ಅಳತೆಯಲ್ಲಿ ಅದರ ಪ್ರತಿಫಲನ ೦.೫, ಹೊಳಪು-ಸಹಿತದಲ್ಲಿ ೪.೫. ೧೯೭೬ರ ಮಾನದಲ್ಲಿ ಕಡುಕಪ್ಪಿಗೆ ೦, ಪರಿಪೂರ್ಣ ಬಿಳುಪಿಗೆ ೧೦೦. ಈ ಮಾನಕ್ಕೆ ಪರಿವರ್ತಿಸಿದರೆ ಮೊದಲನೆಯದು ೪.೫, ಎರಡನೆಯದು ೨೫.೩. ಒಂದೇ ಫಲಕ, ಒಂದೇ ದೀಪ, ಒಂದೇ ಪ್ರಮಾಣ ವೀಕ್ಷಕ. ಆದರೂ ಒಂದು ಕಿಂಡಿಯನ್ನು ತೆರೆದು ಮುಚ್ಚಿದುದರಿಂದ ಸುಮಾರು ೨೧ ಅಂಶಗಳ ಅಂತರ ಬಿದ್ದಿತು. ಈಗ ಬಿಳಿಯ ಫಲಕವೊಂದನ್ನು ತೆಗೆದುಕೊಳ್ಳೋಣ. ಅದರ ಪ್ರತಿಫಲನ ಹೊಳಪನ್ನು ಬಿಟ್ಟು ೮೦, ಸೇರಿಸಿ ೮೪ ಎಂದಾದರೆ, ಮಾನದಲ್ಲಿ ೯೧.೭ ಮತ್ತು ೯೩.೫, ಅಂತರ ೨ಕ್ಕಿಂತಲೂ ಕಡಮೆ. ಕೈಗಾರಿಕೆಯ ಒಪ್ಪಂದಗಳಲ್ಲಿ ಒಂದು ಅಂಶದ ಅಂತರಕ್ಕೂ ಸರಕು ತಿರಸ್ಕೃತವಾಗುವ ಸಂದರ್ಭಗಳಿರುವುದರಿಂದ ಈ ಕಡಮೆಯೂ ಅಲಕ್ಷಿಸತಕ್ಕದ್ದಲ್ಲ. ಜ್ಯಾಮಿತಿಯ ಪ್ರಭಾವ ಎಲ್ಲ ಬಣ್ಣಗಳ ಮೇಲೂ ಸಮನಾಗಿರುವುದಿಲ್ಲ, ಗಾಢವಾದ ಬಣ್ಣಗಳ ಮೇಲೆ ಹೆಚ್ಚು ಎಂಬುದೂ ಇಲ್ಲಿ ತಿಳಿದುಬರುತ್ತದೆ. ಆದುದರಿಂದ ಒಂದು ಬಗೆಯ ಅಂಕಿಗಳಿಗೆ ಯಾವುದೋ ಒಂದು ಸ್ಥಿರಸಂಖ್ಯೆಯನ್ನು ಕೂಡಿಸಿ ಇನ್ನೊಂದು ಬಗೆಯ ಅಂಕಿಗಳನ್ನು ಪಡೆಯುವ ಸುಲಭೋಪಾಯ ದೊರೆಯದು.

ಇದಕ್ಕಿಂತಲೂ ಬೋಧಪ್ರದವಾದುದು ಉಜ್ಜಿದ ಮೇಲ್ಮೈಯ ಉದಾಹರಣೆ. ಒಂದೇ ಡಬ್ಬಿಯ ಬಣ್ಣವನ್ನು ಎರಡು ಹಲಗೆಗೆ ಬಳಿದು, ಒಂದನ್ನು ನುಣುಪಾಗಿಯೇ ಬಿಟ್ಟು, ಇನ್ನೊಂದನ್ನು ಮರಳುಕಾಗದದಿಂದ ಮೆಲ್ಲಗೆ ಉಜ್ಜಿದರೆ, ಎರಡನೆಯದು ಕಣ್ಣಿಗೆ ಬೆಳ್ಳಗಾಗಿ, ಬಣ್ಣಗೆಟ್ಟಂತೆ ತೋರುತ್ತದೆ. ಒಂದೇ ದಿಕ್ಕಿಗೆ ಹೋಗುತ್ತಿದ್ದ ಬಿಳಿಯ ಹೊಳಪು ಈಗ ಬೂಗೇರನ ಕಿರುಗನ್ನಡಿಗಳಿಂದ ಎಲ್ಲ ಕಡೆಗೂ ಚದುರಿ ಬಣ್ಣದೊಡನೆ ಬೆರೆಯುವುದೇ ಇದಕ್ಕೆ ಕಾರಣ. ಕೆರೆಯ ದಂಡೆಯ ನೆನೆದ ಕಲ್ಲು ಒಣಗಿದ ಕಲ್ಲಿಗಿಂತ ಗಾಢವಾಗಿ ಕಾಣುವುದರಲ್ಲಿ, ಇತರ ಕಾರಣಗಳೊಡನೆ, ಈ ಕಾರಣವೂ ವಿಪರೀತಕ್ರಮದಲ್ಲಿ ಕೆಲಸಮಾಡುತ್ತದೆ. ಈಗ ಎರಡು ಹಲಗೆಗಳನ್ನೂ ಉಪಕರಣಗಳ ಮುಂದೆ ಇಡೋಣ. ೪೫:೦ ಉಪಕರಣವು ಇವು ಬೇರೆ ಬೇರೆ ಬಣ್ಣಗಳೆಂದು ಹೇಳುತ್ತದೆ. ಹೊಳಪು-ಸಹಿತ ಗೋಳವು, ಹೊಳಪು ಎತ್ತ ಹೋದರೂ ಹಿಡಿದುಕೊಳ್ಳುವುದರಿಂದ, ಇವು ಬಹುಮಟ್ಟಿಗೆ ಒಂದೇ ಎಂದು ಹೇಳುತ್ತದೆ. ಯಾವುದು ಸತ್ಯ? ಡಬ್ಬಿಯಲ್ಲಿದ್ದ ಬಣ್ಣ ಒಂದೇ ಎಂಬುದು ಗೋಳದ ಸಾಕ್ಷ್ಯ. ಹಲಗೆಗಳು ಒಂದೇ ಬಗೆಯಾಗಿ ಕಾಣುವುದಿಲ್ಲವೆಂಬುದು ೪೫:೦ರ ಸಾಕ್ಷ್ಯ. ಎರಡೂ ಸತ್ಯವೇ, ಇಬ್ಬರು ಸಾಕ್ಷಿಗಳಿಗೆ ಕೇಳಿದ ಪ್ರಶ್ನೆಗಳು ಮಾತ್ರ ಬೇರೆ.

೫

ಒಂದೊಂದು ಕೈಗಾರಿಕೆಯೂ ತನ್ನ ಪ್ರಶ್ನೆಗೆ ತಕ್ಕ ಸಾಕ್ಷಿಯನ್ನು ಆರಿಸಿಕೊಂಡಿರುವುದನ್ನು ಕೆಲವು ನಿದರ್ಶನಗಳಿಂದ ನೋಡಬಹುದು.

ಬಣ್ಣದ ಮಿಶ್ರಣವನ್ನು ಲೆಕ್ಕದಿಂದ ಗೊತ್ತುಮಾಡುವವರಿಗೆ ಗೋಳ ಪ್ರಿಯವಾದುದು. ಕುಬೆಲ್ಕ ಮತ್ತು ಮುಂಕ್ ೧೯೩೧ರಲ್ಲಿ ನಿರೂಪಿಸಿದ ಸಿದ್ಧಾಂತವು ಲೇಪದ ಒಳಗೆ ನಡೆಯುವ ಹೀರಿಕೆ ಚದುರಿಕೆಗಳನ್ನು ಮಾತ್ರ ಲೆಕ್ಕಿಸುತ್ತದೆ. ಮೇಲ್ಮೈಯ ಹೊಳಪಿಗೆ ಅದರಲ್ಲಿ ಸ್ಥಾನವಿಲ್ಲ. ಈ ಕೊರತೆಯನ್ನು ತುಂಬುವ ತಿದ್ದುಪಡಿಯನ್ನು ಸಾಂಡರ್‌ಸನ್ ೧೯೪೨ರಲ್ಲಿ ಒದಗಿಸಿದನು. ಹೊಳಪು ಪೂರ್ತಿಯಾಗಿ ಒಳಗಿದೆಯೆಂಬ ನಿಶ್ಚಯವಿದ್ದಲ್ಲಿ ಮಾತ್ರ ಅದನ್ನು ಲೆಕ್ಕದಿಂದ ಕಳೆಯುವುದು ಸುಕರ. ಅಂದಮೇಲೆ ಹೊಳಪು-ಸಹಿತ ಗೋಳವನ್ನು ಇವರು ಮೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ. ಮುದ್ರಣದವರು ೪೫:೦ನ್ನು ಹಿಡಿದರು. ಓದುವವನು ಪುಟವನ್ನು ಹೊಳಪು ತಪ್ಪಿಸಿಯೇ ನೋಡುವನಷ್ಟೆ.

ಕಾಗದದ ವಿಷಯದಲ್ಲಿ ಎರಡು ಸಂಪ್ರದಾಯಗಳು ಎದುರುಬದರಾಗಿ ನಿಂತಿವೆ. ಕಾಗದದ ಬೆಳ್ಪನ್ನು ೪೫೭ ನ್ಯಾನೋಮೀಟರಿನ ಸುತ್ತಣ ನೀಲಿಯ ಬೆಳಕಿನಲ್ಲಿ ಅಳೆಯುವುದು ಇಬ್ಬರಿಗೂ ಸಮ್ಮತ. ಆದರೆ ಅಮೆರಿಕದಲ್ಲಿ ಬೆಳೆದ ಕ್ರಮದಲ್ಲಿ ಬೆಳಕು ೪೫ ಡಿಗ್ರಿಯಲ್ಲಿ ಒಂದೇ ಕಡೆಯಿಂದ ಬೀಳುತ್ತದೆ; ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಕ್ರಮದಲ್ಲಿ ಗೋಳದೊಳಗಿಂದ ಎಲ್ಲ ಕಡೆಯಿಂದಲೂ ಬೀಳುತ್ತದೆ. ಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೆ ನಾರುಗಳು ಒಲಿದು ಮಲಗುವುದರಿಂದ, ಒಂದೇ ಕಡೆಯಿಂದ ಬೀಳುವ ಬೆಳಕಿಗೆ ಹಾಳೆಯನ್ನು ಉದ್ದಕ್ಕೆ ಇಟ್ಟರೆ ಒಂದು ಅಂಕಿ, ಅಡ್ಡಕ್ಕೆ ಇಟ್ಟರೆ ಇನ್ನೊಂದು ಅಂಕಿ ಬರಬಹುದು. ಗೋಳಕ್ಕೆ ಈ ಭೇದ ಕಾಣುವುದಿಲ್ಲ. ಎರಡು ಕ್ರಮದಲ್ಲಿಯೂ ಅಳತೆಗೆ ಬೆಳ್ಪು ಎಂದೇ ಹೆಸರು. ಕೊಳ್ಳುವವನು ಒಂದು ಕ್ರಮದ ಅಂಕಿಯನ್ನು ಕೇಳಿ, ಮಾರುವವನು ಇನ್ನೊಂದು ಕ್ರಮದ ಅಂಕಿಯನ್ನು ಹೇಳಿದರೆ, ಇಬ್ಬರ ಮಾತಿನಲ್ಲಿಯೂ ಸುಳ್ಳಿಲ್ಲದಿದ್ದರೂ ವ್ಯಾಜ್ಯ ಹುಟ್ಟುವುದು ಖಂಡಿತ.

ರೇಷ್ಮೆಯ ನಾಡಿನವರಾದ ನಮಗೆ ಮೂರನೆಯ ನಿದರ್ಶನ ಪರಿಚಿತವಾದುದೇ. ರೇಷ್ಮೆಯ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದು ಸುಮಾರಾಗಿ ತ್ರಿಕೋಣಾಕಾರವಾಗಿದೆ. ಅದರ ಚಪ್ಪಟೆಯಾದ ಮೈಗಳಿಂದ ಪುಟಿಯುವ ಬೆಳಕೇ ರೇಷ್ಮೆಯ ಮಿರುಗು. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಕೊಟ್ಟು ನೆಯ್ದ ಸೀರೆಯು ಮಡಿಕೆ ಮಡಿಕೆಗೂ ಬೇರೆಯಾಗಿ ಕಾಣುತ್ತದೆ. ಅಂಗಡಿಯಲ್ಲಿ ಹೆಂಗಸರು ಸೀರೆಯನ್ನು ಬಾಗಿಲ ಬಳಿಗೆ ಒಯ್ದು, ಸೆರಗನ್ನು ಹಿಂದೆ ಮುಂದೆ ವಾಲಿಸಿ ನೋಡುವುದು ಸುಮ್ಮನೆ ಅಲ್ಲ; ಅವರು ಬೆಳಕನ್ನೂ ಕೋನವನ್ನೂ ಬದಲಿಸಿ ಪರೀಕ್ಷಿಸುತ್ತಿರುತ್ತಾರೆ. ಇಂಥ ಬಟ್ಟೆಯನ್ನು ಗೋಳದ ಮುಂದೆ ಇಟ್ಟರೆ ಎಲ್ಲ ನೋಟಗಳನ್ನೂ ಕಲಸಿದ ಒಂದು ಸರಾಸರಿ ಬಣ್ಣ ದೊರೆಯುತ್ತದೆ. ಆ ಬಣ್ಣವನ್ನು ಸೀರೆಯ ಯಾವ ಮಡಿಕೆಯಲ್ಲಿಯೂ ಯಾರೂ ಕಂಡಿರಲಾರರು. ೪೫:೦ರ ಮುಂದೆ ಇಟ್ಟರೆ ಬಟ್ಟೆಯನ್ನು ತಿರುಗಿಸಿದಂತೆಲ್ಲ ಅಂಕಿ ತಿರುಗುತ್ತದೆ. ಆದುದರಿಂದ ಬಟ್ಟೆಯನ್ನು ಅಳೆಯುವವರು ಅದನ್ನು ಹಲವು ಸಲ ತಿರುಗಿಸಿಟ್ಟು ಸರಾಸರಿ ತೆಗೆಯುತ್ತಾರೆ, ಅಥವಾ ಸುತ್ತಲಿಂದ ಬೆಳಕು ಬೀಳುವ ಉಂಗುರದ ಉಪಕರಣವನ್ನು ಬಳಸುತ್ತಾರೆ.

ಮೋಟಾರು ಗಾಡಿಗಳ ಲೇಪದಲ್ಲಿ ಈ ಬಿಕ್ಕಟ್ಟು ಪರಾಕಾಷ್ಠೆಗೆ ಮುಟ್ಟಿತು. ಅಲ್ಯೂಮಿನಿಯಂ ಚಕ್ಕೆಗಳನ್ನು ಬೆರೆಸಿದ ಬಣ್ಣವು ಎದುರಿನಿಂದ ಬೆಳಗಿ, ಓರೆಯಿಂದ ಕಪ್ಪಿಡುತ್ತದೆ. ಒಂದು ಕೋನದಲ್ಲಿ ಸರಿಹೊಂದಿದ ಬಾಗಿಲೂ ಮೈಯೂ ಮತ್ತೊಂದು ಕೋನದಲ್ಲಿ ಬೇರೆ ಗಾಡಿಗಳ ಭಾಗಗಳಂತೆ ಕಾಣಬಹುದು. ಒಂದು ಕೋನದ ಅಂಕಿಯಿಂದ ಕಾರ್ಯ ಸಾಗದೆಂದು ಕಂಡುಕೊಂಡ ಮೇಲೆ ಬಹುಕೋನ ಉಪಕರಣಗಳು ಬಳಕೆಗೆ ಬಂದುವು. ಬೆಳಕು ೪೫ ಡಿಗ್ರಿಯಲ್ಲಿ ಬಿದ್ದರೆ, ಹೊಳಪು ಹೊರಡುವ ದಿಕ್ಕಿನಿಂದ ೧೫, ೨೫, ೪೫, ೭೫, ೧೧೦ ಡಿಗ್ರಿಗಳ ದೂರದಲ್ಲಿ ಗ್ರಾಹಕಗಳನ್ನು ನಿಲ್ಲಿಸುವುದು ಸಾಮಾನ್ಯ ಕ್ರಮ. ಇವುಗಳ ಪೈಕಿ ೪೫ ಡಿಗ್ರಿಯದು ಮೇಲ್ಮೈಗೆ ಸರಿಯಾಗಿ ಲಂಬವಾಗಿರುವ ನೋಟ. ೧೯೩೧ರ ಸಭೆಯು ಏಕೈಕವೆಂದು ವಿಧಿಸಿದ ಭಂಗಿಯು ಇಲ್ಲಿ ಐದರಲ್ಲಿ ಒಂದಾಗಿ ಉಳಿಯಿತು.

ಉಪಕರಣವು ನಿರ್ಲಿಪ್ತ ಸಾಕ್ಷಿಯೆಂಬ ಭಾವನೆಯನ್ನು ಕದಲಿಸುವ ಇನ್ನೆರಡು ಸಂಗತಿಗಳನ್ನು ಇಲ್ಲಿಯೇ ಸೇರಿಸಬಹುದು. ಗೋಳದಲ್ಲಿ ಮಾದರಿಯೂ ಗೋಡೆಯ ಒಂದು ಭಾಗವಾಗಿಬಿಡುತ್ತದೆ. ಕೆಂಪು ಬಟ್ಟೆಯಿಂದ ಚದುರಿದ ಕೆಂಪು ಬೆಳಕು ಗೋಳದ ಗೋಡೆಯನ್ನು ಮುಟ್ಟಿ ಮತ್ತೆ ಆ ಬಟ್ಟೆಯ ಮೇಲೆಯೇ ಬೀಳುತ್ತದೆ; ತಿದ್ದುಪಡಿಯ ಏರ್ಪಾಡಿಲ್ಲದ ಉಪಕರಣದಲ್ಲಿ ಸಾಕ್ಷಿ ಹೇಳಬೇಕಾದವನೇ ನ್ಯಾಯಾಲಯದ ದೀಪವನ್ನು ಬದಲಿಸಿದಂತಾಗುತ್ತದೆ. ಎರಡನೆಯದು ಅರೆಪಾರದರ್ಶಕ ವಸ್ತುಗಳ ಪ್ರಶ್ನೆ. ಅಮೃತಶಿಲೆ, ಕೆಲವು ಪ್ಲಾಸ್ಟಿಕ್ಕು, ಸಾಬೂನು ಇವುಗಳೊಳಗೆ ಹೊಕ್ಕ ಬೆಳಕು ಪಕ್ಕಕ್ಕೆ ಹರಿದು, ಉಪಕರಣದ ಬಾಯಿಯ ಅಂಚಿನಾಚೆ ಹೊರಬಿದ್ದು ನಷ್ಟವಾಗುತ್ತದೆ. ಬಾಯಿ ಕಿರಿದಾದಷ್ಟೂ ನಷ್ಟ ಹೆಚ್ಚು, ಅಂಕಿ ಗಾಢ. ಕಲ್ಲು ಬದಲಾಗಲಿಲ್ಲ, ತೂತಿನ ಅಳತೆ ಬದಲಾಯಿತು.

೬

ಈ ಪಕ್ಷಕ್ಕೆ ಬರಬಹುದಾದ ಎರಡು ಆಕ್ಷೇಪಗಳನ್ನು ಪರಿಶೀಲಿಸಬೇಕು.

ಹೊಳಪು-ಸಹಿತ ಗೋಳವೇ ಮೂಲಭೂತವಾದುದು, ವಸ್ತುವಿನ ನಿಜವಾದ ಬಣ್ಣವನ್ನು ಅದು ಹೇಳುತ್ತದೆ, ಉಳಿದುದೆಲ್ಲ ತೋರಿಕೆ ಎಂಬುದು ಮೊದಲನೆಯ ಆಕ್ಷೇಪ. ಇದು ಹಾರ್ಡಿಯ ಪರಂಪರೆಯ ವಾದ. ಬಣ್ಣವನ್ನು ತಯಾರಿಸುವವನ ದೃಷ್ಟಿಯಲ್ಲಿ ಇದಕ್ಕೆ ಬಲವಿದೆ. ಆದರೆ ಕೊಳ್ಳುವವನು ಕೊಳ್ಳುವುದು ತೋರಿಕೆಯನ್ನೇ. ಮಸಕಾದ ಮೇಜು, ನುಣುಪಾದ ಕುರ್ಚಿ ಎರಡರಲ್ಲಿಯೂ ಇರುವ ವರ್ಣದ್ರವ್ಯ ಒಂದೇ ಎಂಬ ಅಂಕಿಯಿಂದ, ಅವು ಜೋಡಿಯಾಗಿ ಕಾಣುವುದಿಲ್ಲವೆಂಬ ಅವನ ದೂರಿಗೆ ಪರಿಹಾರ ದೊರೆಯದು. ತಯಾರಿಸುವವನ ಪ್ರಶ್ನೆಯನ್ನು ನಿಜವೆಂದೂ ನೋಡುವವನ ಪ್ರಶ್ನೆಯನ್ನು ಭ್ರಮೆಯೆಂದೂ ಮೊದಲೇ ತೀರ್ಮಾನಿಸಿಕೊಂಡು ಉಪಕರಣವನ್ನು ಹೊಗಳುವುದು ಶಾಸ್ತ್ರವಾಗಲಾರದು. ಹೊಳಪು-ರಹಿತ ಗೋಳವನ್ನು ಸಂಧಿಸೂತ್ರವಾಗಿ ಮುಂದೊಡ್ಡುವವರೂ ಉಂಟು. ಅರೆಹೊಳಪಿನ ಮೇಲ್ಮೈಗಳಲ್ಲಿ ಹೊಳಪು ಅಗಲವಾಗಿ ಹರಡುವುದರಿಂದ ಬಲೆಗೆ ಅದರ ಒಂದು ಭಾಗ ಮಾತ್ರ ಬೀಳುತ್ತದೆ. ಎಷ್ಟು ಭಾಗ ಎಂಬುದು ಆಯಾ ತಯಾರಕನು ಮಾಡಿದ ಕಿಂಡಿಯ ಗಾತ್ರವನ್ನು ಅವಲಂಬಿಸುತ್ತದೆ. ಸಂಧಿಸೂತ್ರವೇ ಹೊಸ ವಿವಾದಕ್ಕೆ ಎಡೆಯಾಗುತ್ತದೆ.

ಎಲ್ಲ ಕೋನಗಳಲ್ಲಿಯೂ ಅಳೆದುಬಿಟ್ಟರೆ ಈ ತೊಡಕೇ ಇರುವುದಿಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಬೇಕಾದ ಸೈದ್ಧಾಂತಿಕ ಸಾಮಗ್ರಿ ಸಿದ್ಧವಾಗಿದೆ. ಅಮೆರಿಕದ ಮಾನಕ ಸಂಸ್ಥೆಯಿಂದ ೧೯೭೭ರಲ್ಲಿ ನಿಕೊಡೆಮಸ್ ಮತ್ತು ಅವನ ಸಹೋದ್ಯೋಗಿಗಳು ಪ್ರಕಟಿಸಿದ ಗ್ರಂಥವು, ಬೆಳಕಿನ ಪ್ರತಿಯೊಂದು ದಿಕ್ಕಿಗೂ ನೋಟದ ಪ್ರತಿಯೊಂದು ದಿಕ್ಕಿಗೂ ಸಲ್ಲುವ ಪ್ರತಿಫಲನದ ಪರಿಭಾಷೆಯನ್ನು ವ್ಯವಸ್ಥೆಗೊಳಿಸಿತು. ಆದರೆ ಹಾಗೆ ದೊರೆಯುವುದು ಒಂದು ಅಂಕಿಯಲ್ಲ, ಅಂಕಿಗಳ ಅರಣ್ಯ. ಒಪ್ಪಂದಕ್ಕೆ ಬೇಕಾದುದು ಹೌದು ಅಥವಾ ಅಲ್ಲ ಎಂಬ ಮಾತು. ಅರಣ್ಯದಿಂದ ಕೆಲವು ಮರಗಳನ್ನು ಯಾರಾದರೂ ಆರಿಸಲೇಬೇಕು. ಆರಿಸಿದೊಡನೆ ಜ್ಯಾಮಿತಿಯ ಪ್ರಶ್ನೆ ಮರಳಿ ಬರುತ್ತದೆ. ಪೂರ್ಣವಾದ ಅಳತೆಯಿಂದ ಆಯ್ಕೆಯ ಹೊಣೆ ತಪ್ಪುವುದಿಲ್ಲ.

೭

ಮೇಲಿನ ವಿವೇಚನೆಯಿಂದ ಹೊರಡುವ ಫಲಿತಾರ್ಥ ಇಷ್ಟು. ಬಣ್ಣದ ಅಂಕಿಯು ಒಂದು ಪ್ರಶ್ನೆಗೆ ದೊರೆತ ಉತ್ತರ. ಆ ಪ್ರಶ್ನೆಯು ಉಪಕರಣದ ಜ್ಯಾಮಿತಿಯಲ್ಲಿ ಅಡಗಿದೆ. ಪ್ರಶ್ನೆಯನ್ನು ಮರೆಮಾಡಿ ಉತ್ತರವನ್ನು ಮಾತ್ರ ಮುಂದಿಟ್ಟಾಗ ಅಂಕಿಗೆ ಇಲ್ಲದ ಅಧಿಕಾರ ಬರುತ್ತದೆ. ಅದರ ಭಾರ ಬೀಳುವುದು ಬಹುಮಟ್ಟಿಗೆ ದುರ್ಬಲನ ಮೇಲೆ. ದೊಡ್ಡ ಕೊಳ್ಳುಗನು ತನ್ನ ಉಪಕರಣದ ಅಂಕಿಯನ್ನು ಅಂತಿಮವೆಂದು ಘೋಷಿಸಿದರೆ, ಬೇರೆ ವಿನ್ಯಾಸದ ಉಪಕರಣವನ್ನಿಟ್ಟುಕೊಂಡ ಚಿಕ್ಕ ಬಣ್ಣಗಾರನು ತನ್ನ ಸರಕು ಏಕೆ ತಿರಸ್ಕೃತವಾಯಿತೆಂಬುದನ್ನೇ ತಿಳಿಯಲಾರನು. ಇಬ್ಬರ ಉಪಕರಣಗಳೂ ನಿರ್ದೋಷವಾಗಿರಬಹುದು, ಇಬ್ಬರೂ ಬಿಳಿಯ ಬಿಲ್ಲೆಯಿಂದ ಸರಿನೋಡಿಕೊಂಡಿರಬಹುದು. ಆದರೂ ಅಂತರ ಉಳಿಯುತ್ತದೆ. ಕಣ್ಣಿನ ತೀರ್ಪಿದ್ದ ಕಾಲದಲ್ಲಿ ಅವನು ಬಟ್ಟೆಯನ್ನು ಬೆಳಕಿಗೆ ಹಿಡಿದು, ಹೀಗೆ ವಾಲಿಸಿ ನೋಡಿ ಸ್ವಾಮಿ ಎಂದು ವಾದಿಸಬಹುದಾಗಿತ್ತು. ಅಂಕಿಯೊಡನೆ ವಾದಿಸಬೇಕಾದರೆ ಅದು ಎತ್ತ ನಿಂತು ನೋಡಿತೆಂಬುದನ್ನು ಮೊದಲು ತಿಳಿದಿರಬೇಕು.

ಇತಿಹಾಸದ ಅಭ್ಯಾಸಿಗಳಿಗೂ ಇದರಲ್ಲಿ ಎಚ್ಚರಿಕೆಯಿದೆ. ವಸ್ತುಸಂಗ್ರಹಾಲಯವೊಂದು ಹಳೆಯ ಬಟ್ಟೆಯ ಬಣ್ಣವನ್ನು ಇಂದು ಒಂದು ವಿನ್ಯಾಸದಿಂದ ಅಳೆದು ಅಂಕಿಯನ್ನು ಮಾತ್ರ ಬರೆದಿಟ್ಟರೆ, ಐವತ್ತು ವರ್ಷಗಳ ಮೇಲೆ ಮತ್ತೊಂದು ವಿನ್ಯಾಸದಿಂದ ಅಳೆಯುವವನು ಉಪಕರಣದ ಭೇದವನ್ನೇ ಬಣ್ಣ ಮಾಸಿದುದರ ಪ್ರಮಾಣವೆಂದು ತಿಳಿಯುವ ಅಪಾಯವಿದೆ. ಅಥವಾ ನಿಜವಾಗಿ ಮಾಸಿದುದನ್ನು ಆ ಭೇದವೇ ಮರೆಸಿಬಿಡಬಹುದು. ಇಬ್ಬರೂ ಪ್ರಾಮಾಣಿಕರಾಗಿದ್ದೂ ದಾಖಲೆ ಸುಳ್ಳಾಗುತ್ತದೆ.

ಇದಕ್ಕೆ ಪರಿಹಾರ ಕಷ್ಟಸಾಧ್ಯವಾದುದಲ್ಲ. ದೀಪ ಮತ್ತು ವೀಕ್ಷಕನ ಹೆಸರುಗಳನ್ನು ಬರೆಯುವ ಜಾಗದಲ್ಲಿಯೇ ಬೆಳಕು ಬಿದ್ದ ಮತ್ತು ನೋಡಿದ ಕೋನಗಳನ್ನು, ಹೊಳಪು ಸೇರಿದೆಯೋ ಬಿಟ್ಟಿದೆಯೋ ಎಂಬುದನ್ನು, ಉಪಕರಣದ ಬಾಯಿಯ ಅಗಲವನ್ನು, ಮಾದರಿಯನ್ನು ಯಾವ ದಿಕ್ಕಿಗೆ ಇಟ್ಟು ಅದರ ಹಿಂದೆ ಏನನ್ನು ಇರಿಸಲಾಗಿತ್ತೆಂಬುದನ್ನು ಬರೆದರೆ ಸಾಕು. ಮಾನಕಗಳು ಇವುಗಳಲ್ಲಿ ಬಹುಭಾಗವನ್ನು ವಿಧಿಸಿಯೇ ಇವೆ; ಮಾನಕವನ್ನು ಬಲ್ಲವನು ಬರೆಯುತ್ತಾನೆ, ಬೆಲೆಪಟ್ಟಿಯನ್ನು ಬರೆಯುವವನು ಬಿಡುತ್ತಾನೆ. ವರ್ಣಮಾಪನದ ಇತಿಹಾಸವನ್ನು ಬರೆಯುವವರು ಕೂಡ ಹದಿನೇಳು ಮಂದಿಯ ಕಣ್ಣುಗಳಿಗೆ ಕೊಟ್ಟಷ್ಟು ಪುಟಗಳನ್ನು ಗೋಳಕ್ಕೂ, ೪೫ ಡಿಗ್ರಿಯ ಓರೆಗೂ, ಹೊಳಪಿನ ಕಿಂಡಿಗೂ ಕೊಡತಕ್ಕದ್ದು. ಬಣ್ಣವನ್ನು ನೋಡಿದವರು ಯಾರು ಎಂಬ ಪ್ರಶ್ನೆಗೆ ಆ ಕಥನದಲ್ಲಿ ಉತ್ತರವಿದೆ. ಎಲ್ಲಿ ನಿಂತು ನೋಡಿದರು ಎಂಬ ಪ್ರಶ್ನೆಗೂ ಉತ್ತರ ದೊರೆತಾಗಲೇ ಅದು ಪೂರ್ಣವಾಗುತ್ತದೆ.